ಆಕಾಶಕ್ಕೊಂದು ಅಂಚು

ಈ ಸಭಾಂಗಣದಿಂದ ಹೊರಗೆ ಕಾಲಿಟ್ಟ ಕೂಡಲೇ ನಿಮ್ಮ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಸ್ವಲ್ಪ ಗಮನಿಸಿ. ಆಕಾಶದಲ್ಲಂತೂ ನಿಲ್ಲುವುದಿಲ್ಲ. ಆರಾಮವಾಗಿ ನಿಂತ ಮನುಷ್ಯನ ನೋಟ ದಿಗಂತದ ಗೆರೆಗಿಂತ ಸುಮಾರು 10 ಡಿಗ್ರಿ ಕೆಳಗೇ ಇರುತ್ತದೆ. ಕೂತರೆ ಇನ್ನೂ ಸ್ವಲ್ಪ ಇಳಿಯುತ್ತದೆ. ತಲೆ ಅಲ್ಲಾಡಿಸದೆ ನೋಡಿದರೆ ಕೆಳಗಡೆ 70 ಡಿಗ್ರಿಗೂ ಮಿಕ್ಕಿ ಕಾಣುತ್ತದೆ, ಮೇಲ್ಗಡೆ 60 ಡಿಗ್ರಿ ಆಗುವಷ್ಟರಲ್ಲಿ ಹುಬ್ಬಿನ ಮೂಳೆ ಅಡ್ಡ ಬರುತ್ತದೆ. ಕಾಲಿನ ಮುಂದಿನ ಕಲ್ಲು ಮುಳ್ಳು ನೋಡಿಕೊಂಡು ನಡೆಯುವುದಕ್ಕೆ ಹೇಳಿ ಮಾಡಿಸಿದ ಮುಖ ನಮ್ಮದು. ಬಯಲಿನಲ್ಲಿ ನಿಂತವನ ಸುತ್ತ ಅರ್ಧಕ್ಕರ್ಧ ಆಕಾಶವೇ ಇದ್ದರೂ ಅದನ್ನು ನೋಡಬೇಕಾದರೆ ಕತ್ತೆತ್ತಬೇಕು, ಮತ್ತು ಕತ್ತು ಬೇಗ ನೋಯುತ್ತದೆ.

ಕತ್ತೆತ್ತಿದ ಮೇಲಾದರೂ ಸುಲಭವೇ? ಅದೂ ಇಲ್ಲ. ಮರಕ್ಕೆ ಗಾತ್ರವಿದೆ, ಗೋಡೆಗೆ ಅಂಚಿದೆ, ಕಣ್ಣಿಗೆ ಅದು ಸಿಗುತ್ತದೆ. ಶುಭ್ರ ನೀಲಿಯಲ್ಲಿ ಸಿಗುವುದೇನು? ಎಷ್ಟು ದೂರ, ಎಷ್ಟು ದೊಡ್ಡದು ಎಂದು ಹೇಳುವ ಗುರುತೇ ಅಲ್ಲಿಲ್ಲ. ಕೆಲವು ಕ್ಷಣ ನೋಡಿ ಕಣ್ಣು ಒಂದು ಹಕ್ಕಿಯನ್ನೋ ತಂತಿಯನ್ನೋ ಹುಡುಕಿಕೊಂಡು ಹೊರಟುಬಿಡುತ್ತದೆ. ಹಾಗಾಗಿ ಜನರಿಗೆ ಆಕಾಶ ತೋರಿಸಬೇಕೆಂದು ಹೊರಟ ಶಿಲ್ಪಿಗೆ ಎರಡು ಕೆಲಸ ಬೀಳುತ್ತದೆ. ಕತ್ತಿಗೆ ನೋವಾಗದಂತೆ ನೋಟವನ್ನು ಮೇಲಕ್ಕೆ ಕೊಂಡೊಯ್ಯಬೇಕು, ಇಲ್ಲವೇ ಆಕಾಶವನ್ನೇ ಕೆಳಗಿಳಿಸಬೇಕು. ಆಮೇಲೆ, ಅಂಚಿಲ್ಲದ್ದಕ್ಕೆ ಒಂದು ಅಂಚು ಕಟ್ಟಬೇಕು. ಇವತ್ತು ನಾನು ಹೇಳುವುದೆಲ್ಲ ಬಹುಮಟ್ಟಿಗೆ ಈ ಅಂಚಿನ ವಿಚಾರ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಎತ್ತರದ ಪ್ರತಿಮೆ ನಿಲ್ಲಿಸಿದರೆ ಜನ ಆಕಾಶ ನೋಡುತ್ತಾರೆ ಎಂದು ಬಹಳ ಮಂದಿ ನಂಬಿದ್ದಾರೆ. ನೋಡುವುದಿಲ್ಲ. ಕಣ್ಣು ಪಾದದಿಂದ ಹತ್ತಿ ಮುಖದವರೆಗೆ ಹೋಗುತ್ತದೆ, ಅಲ್ಲಿ ಮುಖ ಸಿಕ್ಕಿತಲ್ಲ ಎಂದು ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಆಕಾಶ ಅಲ್ಲಿ ಹಿಂದಿನ ಪರದೆ ಅಷ್ಟೇ. ನೂರು ಅಡಿ ಇದ್ದದ್ದನ್ನು ಇನ್ನೂರು ಅಡಿ ಮಾಡಿದರೂ ಇದೇ ಕಥೆ. ಎತ್ತರ ತನ್ನನ್ನೇ ತೋರಿಸಿಕೊಳ್ಳುತ್ತದೆ.

ಎತ್ತರದಿಂದಲೇ ಈ ಕೆಲಸ ಸಾಧಿಸಿದ ಒಂದು ಶಿಲ್ಪ ಮಾತ್ರ ನನ್ನ ಕಣ್ಣ ಮುಂದೆ ಬರುತ್ತದೆ. ರೊಮೇನಿಯಾದ ತಿರ್ಗು ಜಿಯು ಎಂಬ ಊರಲ್ಲಿ ಕಾನ್‌ಸ್ಟಾಂಟಿನ್ ಬ್ರಾಂಕೂಷಿ ನಿಲ್ಲಿಸಿದ ‘ಅಂತ್ಯವಿಲ್ಲದ ಕಂಬ’. ಮೊದಲ ಮಹಾಯುದ್ಧದಲ್ಲಿ ಆ ಊರನ್ನು ಕಾಯುತ್ತ ಸತ್ತವರ ನೆನಪಿಗೆ 1938ರಲ್ಲಿ ಎದ್ದು ನಿಂತದ್ದು. 29.3 ಮೀಟರ್ ಎತ್ತರ. ಎರಕದ ಕಬ್ಬಿಣದ ಮಣಿಗಳನ್ನು ಉಕ್ಕಿನ ತಿರುಳಿಗೆ ಒಂದರ ಮೇಲೊಂದು ಪೋಣಿಸಿದ್ದಾರೆ. ಪ್ರತಿ ಮಣಿಯೂ ನಡುವೆ ಉಬ್ಬಿ ಎರಡೂ ತುದಿಯಲ್ಲಿ ಕಿರಿದಾಗುತ್ತದೆ, ಮೇಲೆ ಹಿತ್ತಾಳೆಯ ಲೇಪ. ಪೂರ್ತಿ ಮಣಿಗಳು 15. ತುತ್ತತುದಿಯಲ್ಲಿ ಇರುವುದು ಅರ್ಧ ಮಣಿ. ಇಡೀ ಶಿಲ್ಪದ ಜೀವ ಆ ಅರ್ಧದಲ್ಲಿದೆ. ಬುಡದಿಂದ ಹೊರಟ ಕಣ್ಣಿಗೆ ಉಬ್ಬು, ತಗ್ಗು, ಉಬ್ಬು, ತಗ್ಗು ಎಂದು ಒಂದು ನಡಿಗೆ ಅಭ್ಯಾಸವಾಗಿರುತ್ತದೆ. ತುದಿಗೆ ಬಂದಾಗ ಉಬ್ಬು ಅಗಲವಾಗಿ ತೆರೆದುಕೊಂಡ ಜಾಗದಲ್ಲೇ ಲೋಹ ಮುಗಿಯುತ್ತದೆ, ನಡಿಗೆ ಮುಗಿಯುವುದಿಲ್ಲ. ಉಳಿದರ್ಧವನ್ನು ಕಣ್ಣು ತಾನೇ ಬರಿ ಗಾಳಿಯಲ್ಲಿ ಹಾಕಿಕೊಳ್ಳುತ್ತದೆ. ಅಲ್ಲಿ ಮುಖ ಇಲ್ಲ, ಕಿರೀಟ ಇಲ್ಲ, ಕಣ್ಣನ್ನು ತಡೆಯುವಂಥದ್ದು ಏನೂ ಇಲ್ಲ. 1950ರ ದಶಕದಲ್ಲಿ ಅಲ್ಲಿನ ಆಡಳಿತ ಇದನ್ನು ಕೆಡವಿಹಾಕಲು ನೋಡಿತ್ತು. ಕಂಬ ಬೀಳಲಿಲ್ಲ. 2024ರಲ್ಲಿ ಬ್ರಾಂಕೂಷಿಯ ಆ ಊರಿನ ಕೆಲಸಗಳೆಲ್ಲ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಆಂಟನಿ ಗಾರ್ಮ್‌ಲಿ ಇದೇ ಕೆಲಸಕ್ಕೆ ಬೇರೆ ದಾರಿ ಹಿಡಿದರು. 2007ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಸುತ್ತಮುತ್ತ, ಬಹುಪಾಲು ಕಟ್ಟಡಗಳ ಮಾಡಿನ ಅಂಚಿನಲ್ಲಿ, ತಮ್ಮದೇ ಮೈಯಿಂದ ಅಚ್ಚು ತೆಗೆದ 31 ಮನುಷ್ಯಾಕೃತಿಗಳನ್ನು ನಿಲ್ಲಿಸಿದರು. ಒಂದನ್ನು ಕಂಡವರು ಇನ್ನೊಂದೆಲ್ಲಿ ಎಂದು ಹುಡುಕುತ್ತ ಊರಿನ ಮೇಲಂಚನ್ನೆಲ್ಲ ಕಣ್ಣಲ್ಲಿ ತಡವುತ್ತಿದ್ದರು. 2010ರಲ್ಲಿ ಅದೇ ಆಕೃತಿಗಳು ನ್ಯೂಯಾರ್ಕ್‌ಗೆ ಬಂದಾಗ, ಯಾರೋ ಜಿಗಿಯಲು ನಿಂತಿದ್ದಾರೆಂದು ಜನ ಗಾಬರಿಪಟ್ಟಾರು ಎಂದು ಪೊಲೀಸರು ಮೊದಲೇ ತಿಳಿಸಿ ಹೇಳಬೇಕಾಯಿತು. ಆ ಗಾಬರಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಟ್ಟಡ ಮುಗಿದು ಆಕಾಶ ಶುರುವಾಗುವ ಗೆರೆಯನ್ನು ಒಂದಿಡೀ ಊರು ಅಷ್ಟು ಎಚ್ಚರದಿಂದ ನೋಡಿದ್ದು ಅಪರೂಪವೇ ಇರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಕಾಶಕ್ಕೆ ಅಂಚು ಕಟ್ಟುವ ಕೆಲಸವನ್ನು ಜೀವಮಾನದ ಕೆಲಸ ಮಾಡಿಕೊಂಡವರು ಅಮೆರಿಕದ ಜೇಮ್ಸ್ ಟರೆಲ್. 1943ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಓದಿದ್ದು ಗ್ರಹಿಕೆಯ ಮನಶ್ಶಾಸ್ತ್ರ. ಜತೆಗೆ ವಿಮಾನ ಹಾರಿಸುವವರು. ಕಣ್ಣು ಹೇಗೆ ನೋಡುತ್ತದೆ ಎಂಬ ಶಾಸ್ತ್ರ ಒಂದು ಕಡೆ, ಆಕಾಶದೊಳಗೇ ಕೂತು ಕಳೆದ ಹೊತ್ತು ಇನ್ನೊಂದು ಕಡೆ. 1970ರ ದಶಕದಲ್ಲಿ ಇಟಲಿಯ ವಾರೇಸೆಯಲ್ಲಿ, ಕಲಾಸಂಗ್ರಾಹಕ ಪಾಂಜಾ ಅವರ ಮನೆಯಲ್ಲಿ ಮೊದಲ ‘ಸ್ಕೈಸ್ಪೇಸ್’ ಮಾಡಿದರು. ಇವತ್ತು ಅಂಥವು ಪ್ರಪಂಚದಲ್ಲಿ 80ಕ್ಕೂ ಹೆಚ್ಚಿವೆ.

ಸ್ಕೈಸ್ಪೇಸ್ ಅಂದರೆ ಒಂದು ಕೋಣೆ. ಸುತ್ತಲೂ ಗೋಡೆಗೆ ಒರಗಿದ ಬೆಂಚು. ಮಾಡಿನ ನಡುವೆ ಒಂದು ತೂತು. ಇಷ್ಟೇ. ಮಾಡಿಗೆ ತೂತಿರುವ ಕಟ್ಟಡ ಹೊಸದಲ್ಲ, ರೋಮ್‌ನ ಪ್ಯಾಂಥಿಯಾನ್ ಗುಮ್ಮಟದ ನೆತ್ತಿಯಲ್ಲೂ ಇದೆ, ಮಳೆ ಬಂದರೆ ನೀರು ನೇರ ಒಳಗೇ ಬೀಳುತ್ತದೆ. ಆದರೆ ಅಲ್ಲಿ ತೂತಿನ ಬದಿಯ ದಪ್ಪ ಕಾಣುತ್ತದೆ. ಬಾವಿಯೊಳಗಿಂದ ಬಾಯಿಯನ್ನು ನೋಡಿದ ಹಾಗೆ, ಆಕಾಶ ಆ ದಪ್ಪದ ಆಚೆ, ದೂರದಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ. ಟರೆಲ್ ಆ ದಪ್ಪವನ್ನು ತೆಗೆದುಹಾಕಿದರು. ಮಾಡನ್ನು ಹೊರಗಿನ ಕಡೆಯಿಂದ ಓರೆಯಾಗಿ ಕೆತ್ತುತ್ತ ಬಂದು ತೂತಿನ ಬಾಯಿಗೆ ಬರುವಾಗ ಚಾಕುವಿನ ಅಲಗಿನಷ್ಟು ತೆಳ್ಳಗೆ ಮಾಡುತ್ತಾರೆ. ಕೆಳಗೆ ಕೂತವರಿಗೆ ಮಾಡಿನ ದಪ್ಪ ಒಂದಿಷ್ಟೂ ಕಾಣುವುದಿಲ್ಲ. ದೂರ ಎಷ್ಟು ಎಂದು ಲೆಕ್ಕ ಹಾಕಲು ಕಣ್ಣಿಗಿದ್ದ ಒಂದೇ ಒಂದು ಆಧಾರ ಹೋಯಿತು. ಆಗ ಆಗುವುದೇನೆಂದರೆ, ಆಕಾಶ ಕೆಳಗಿಳಿದು ಮಾಡಿನ ಮಟ್ಟಕ್ಕೆ ಬಂದು ಕೂರುತ್ತದೆ. ಬಣ್ಣ ಹಚ್ಚಿದ ಹಲಗೆಯೊಂದನ್ನು ಯಾರೋ ಅಲ್ಲಿ ಕೂರಿಸಿದಂತೆ ಕಾಣುತ್ತದೆ. ಮೋಡವೊಂದು ಹಾದುಹೋದಾಗ ಮಾತ್ರ ಥಟ್ಟನೆ ಮತ್ತೆ ಆಳ ತೆರೆದುಕೊಳ್ಳುತ್ತದೆ, ಮೋಡ ದಾಟಿದ ಮೇಲೆ ಮತ್ತೆ ಹಲಗೆ.

ಸೂರ್ಯ ಮುಳುಗುವ ಹೊತ್ತಿಗೆ ಇದು ಇನ್ನೊಂದು ಹಂತಕ್ಕೆ ಹೋಗುತ್ತದೆ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಅಂಗಳದಲ್ಲಿ 2012ರಲ್ಲಿ ಕಟ್ಟಿದ ಸ್ಕೈಸ್ಪೇಸ್ ತೆಗೆದುಕೊಳ್ಳಿ. ಹುಲ್ಲು ಬೆಳೆದ ಮಣ್ಣಿನ ದಿಬ್ಬ, ಅದರ ಮೇಲೆ 72 ಅಡಿ ಚೌಕದ ತೆಳ್ಳನೆಯ ಬಿಳಿ ಮಾಡು, ನಡುವೆ 14 ಅಡಿ ಚೌಕದ ತೂತು. ಮಾಡಿನ ಅಡಿಗೆ ಎಲ್‌ಇಡಿ ಬೆಳಕು ಬೀಳುತ್ತದೆ, ಬಣ್ಣ ನಿಧಾನವಾಗಿ ಬದಲಾಗುತ್ತ ಹೋಗುತ್ತದೆ. ಆ ಬೆಳಕು ಆಕಾಶಕ್ಕೆ ತಾಗುವುದಿಲ್ಲ, ತಾಗಲು ಸಾಧ್ಯವೂ ಇಲ್ಲ. ಆದರೂ ಮಾಡು ಕಿತ್ತಳೆಗೆ ತಿರುಗಿದಾಗ ತೂತಿನೊಳಗಿನ ಆಕಾಶ ಕಡು ನೀಲಿಯಾಗುತ್ತದೆ, ಮಾಡು ನೀಲಿಯಾದರೆ ಆಕಾಶ ಮಾಸಿದಂತಾಗುತ್ತದೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದರ ಜತೆ ಹೋಲಿಸಿಯೇ ನೋಡುತ್ತದೆ. ಹಾಗಾಗಿ ಪಕ್ಕದ್ದನ್ನು ಬದಲಿಸಿದರೆ ಆಕಾಶವೇ ಬದಲಾದ ಹಾಗೆ. ಒಳಗೆ ಆಕಾಶ ಕಪ್ಪು ಮಸಿಯ ಹಾಗಿದ್ದಾಗ ಹೊರಗೆ ಬಂದು ನೋಡಿದರೆ ಅದು ಇನ್ನೂ ನೀಲಿಯಾಗಿಯೇ ಇರುತ್ತದೆ. ಆಕಾಶದ ಬಣ್ಣ ಎಂದು ನಾವು ಕರೆಯುವುದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಶಿಲ್ಪ ನನಗೆ ಬೇರೆ ಗೊತ್ತಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಹಗಲಿನ ಆಕಾಶ ಯಾಕೆ ನೀಲಿ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೀರಿ. ಗಾಳಿಯ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ. ಆದರೆ ಸೂರ್ಯ ಮುಳುಗಿದ ಮೇಲೆ ನೆತ್ತಿಯ ಮೇಲೆ ಉಳಿಯುವ ಆ ಗಾಢ ನೀಲಿಗೆ ಈ ಕಾರಣ ಸಾಲದು. ಆಗ ಬಿಸಿಲು ವಾತಾವರಣದೊಳಗೆ ಬಹುದೂರ ಅಡ್ಡಡ್ಡ ಸಾಗಿ ಬರುತ್ತದೆ, ಮಾಮೂಲಿ ಲೆಕ್ಕದಲ್ಲಿ ನೆತ್ತಿ ಮಾಸಲು ಹಳದಿಯಾಗಬೇಕಿತ್ತು. ಅದನ್ನು ನೀಲಿಯಾಗಿ ಉಳಿಸುವುದು ಬಹುಪಾಲು ಓಝೋನ್. ಕಿತ್ತಳೆ, ಕೆಂಪಿನ ಒಂದಷ್ಟು ಬೆಳಕನ್ನು ಅದು ಹೀರಿಕೊಳ್ಳುತ್ತದೆ. ಇದು ಲೆಕ್ಕಕ್ಕೆ ಸಿಕ್ಕಿದ್ದು 1953ರಲ್ಲಿ. ಟರೆಲ್ ಅವರ ಕೋಣೆಯಲ್ಲಿ ಕೂತು ಸಂಜೆ ನೋಡುವವರು ನೋಡುತ್ತಿರುವುದು ಓಝೋನ್ ಪದರದ ಕೈಕೆಲಸವನ್ನೂ ಹೌದು.

ಇನ್ನೊಂದು ಸಂಗತಿ, ಇದಕ್ಕೆ ಶಿಲ್ಪವೂ ಬೇಡ. ಶುಭ್ರ ನೀಲಿ ಆಕಾಶವನ್ನು, ಸೂರ್ಯನ ಕಡೆಗಲ್ಲ, ಬೇರೆ ದಿಕ್ಕಿಗೆ ತಿರುಗಿ, ಅರ್ಧ ನಿಮಿಷ ಸುಮ್ಮನೆ ನೋಡುತ್ತಿರಿ. ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಸುಳಿದಾಡಿ, ಡೊಂಕು ದಾರಿಯಲ್ಲಿ ಸರ್ರನೆ ಓಡಿ ಮಾಯವಾಗುತ್ತವೆ. ನಾಡಿ ಬಡಿತಕ್ಕೆ ಸರಿಯಾಗಿ ಅವುಗಳ ಓಟ ಹೆಚ್ಚು ಕಡಿಮೆಯಾಗುವುದೂ ಗೊತ್ತಾಗುತ್ತದೆ. ಅವು ನಿಮ್ಮದೇ ಕಣ್ಣಿನ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳಲ್ಲಿ ಸಾಗುವ ಬಿಳಿ ರಕ್ತಕಣಗಳು. ಕೆಂಪು ಕಣಗಳು ನೀಲಿ ಬೆಳಕನ್ನು ತಡೆಯುತ್ತವೆ, ಬಿಳಿ ಕಣ ಬಂದಲ್ಲಿ ಬೆಳಕು ಒಳಕ್ಕೆ ನುಗ್ಗುತ್ತದೆ. ಸರಿಯಾಗಿ ನೋಟದ ನಟ್ಟನಡುವೆ ಮಾತ್ರ ಚುಕ್ಕೆಗಳಿಲ್ಲ, ಅಲ್ಲಿ ರಕ್ತನಾಳಗಳೇ ಇಲ್ಲವಲ್ಲ. ಇದು ಬಟ್ಟ ಬಯಲಿನಲ್ಲೂ ಕಾಣುತ್ತದೆ. ಆದರೆ ಬಯಲಿನಲ್ಲಿ ಯಾರೂ ಅರ್ಧ ನಿಮಿಷ ಬರಿ ಆಕಾಶ ನೋಡುವುದಿಲ್ಲ. ಅಂಚು ಕಟ್ಟಿ ಬೆಂಚು ಹಾಕಿಕೊಟ್ಟ ಮೇಲೆ ನೋಡುತ್ತಾರೆ.

ಬೆಂಚಿನ ಮಾತು ಬಂತು. ಶಿಲ್ಪದಲ್ಲಿ ಬೆಂಚಿಗೆ ಯಾರೂ ಲೆಕ್ಕ ಕೊಡುವುದಿಲ್ಲ, ನನಗೆ ಅದು ಸರಿ ಕಾಣುವುದಿಲ್ಲ. ನೆದರ್ಲೆಂಡ್ಸಿನ ಹೇಗ್ ನಗರದ ಅಂಚಿನಲ್ಲಿ ಕೈಕ್‌ಡೌನ್ ಎಂಬ ಕಡಲತೀರವಿದೆ. ಅಲ್ಲಿನ ಮರಳುದಿಬ್ಬಗಳ ನಡುವೆ 1996ರಲ್ಲಿ ಟರೆಲ್ ಒಂದು ಮಣ್ಣಿನ ಬಟ್ಟಲು ಮಾಡಿದರು. 40 ಮೀಟರ್ ಉದ್ದ, 30 ಮೀಟರ್ ಅಗಲದ ಮೊಟ್ಟೆಯಾಕಾರ, ಸುತ್ತಲೂ 5 ಮೀಟರ್ ಎತ್ತರದ ಮಣ್ಣಿನ ದಂಡೆ, ಒಳಗೆಲ್ಲ ಹುಲ್ಲು. ನಟ್ಟನಡುವೆ ಇಬ್ಬರು ಅಂಗಾತ ಮಲಗಬಹುದಾದ ಕಲ್ಲಿನ ಆಸನ. ಮಲಗಿ, ತಲೆ ಹಿಂದಕ್ಕೆ ಚಾಚಿದಾಗ ಕಣ್ಣಿಗೆ ಊರಿಲ್ಲ, ಸಮುದ್ರವಿಲ್ಲ, ದಿಬ್ಬವಿಲ್ಲ. ದಂಡೆಯ ಅಂಚು ಮತ್ತು ಅದರ ಮೇಲೆ ಕವಿಚಿದ ಆಕಾಶ.

ಇಲ್ಲಿ ನಡೆಯುವುದನ್ನು ಅರ್ಥ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿ ನೋಡಿ. ಬಯಲಿನಲ್ಲಿ ನಿಂತು, ದಿಗಂತಕ್ಕೂ ನೆತ್ತಿಗೂ ಸರಿಯಾಗಿ ಅರ್ಧ ದಾರಿ ಎನಿಸುವ ಕಡೆಗೆ ಬೆರಳು ತೋರಿಸಿ. 45 ಡಿಗ್ರಿ ತೋರಿಸಬೇಕಷ್ಟೆ? ಬಹುತೇಕ ಜನ ಅದಕ್ಕಿಂತ ಬಹಳ ಕೆಳಗೆ ತೋರಿಸುತ್ತಾರೆ. ಯಾಕೆಂದರೆ ನಮ್ಮ ಕಣ್ಣಿಗೆ ಆಕಾಶ ಸರಿಯಾದ ಅರ್ಧಗೋಳವಲ್ಲ, ಚಪ್ಪಟೆಯಾಗಿ ಕವಿಚಿಟ್ಟ ತಟ್ಟೆ. ನೆತ್ತಿ ಹತ್ತಿರ, ದಿಗಂತ ದೂರ. ಮೂಡುವ ಚಂದ್ರ ದೊಡ್ಡದಾಗಿ ಕಾಣುವುದಕ್ಕೂ ಇದನ್ನೇ ಒಂದು ಕಾರಣವಾಗಿ ಹೇಳುವುದುಂಟು. ಕೈಕ್‌ಡೌನಿನ ಬಟ್ಟಲಲ್ಲಿ ಮಲಗಿದವರಿಗೆ ಮರ, ಮನೆ, ರಸ್ತೆ ಎಂಬ ದೂರದ ಗುರುತುಗಳೆಲ್ಲ ದಂಡೆಯ ಹಿಂದೆ ಮರೆಯಾಗುತ್ತವೆ. ಚಪ್ಪಟೆ ತಟ್ಟೆ ಉಬ್ಬಿ ಗುಮ್ಮಟವಾಗುತ್ತದೆ. ಮಣ್ಣು ಸರಿಸಿ ದಂಡೆ ಕಟ್ಟಿದ್ದರಿಂದ ಆಕಾಶದ ಆಕಾರವೇ ಬದಲಾಯಿತು. ಇದೇ ಕೆಲಸವನ್ನು ಟರೆಲ್ ಅರಿಜೋನಾದಲ್ಲಿ, ಬತ್ತಿಹೋದ ಜ್ವಾಲಾಮುಖಿಯೊಂದರ ಬಾಯಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದಾರೆ. ರೋಡೆನ್ ಕ್ರೇಟರ್. 1974ರಲ್ಲಿ ವಿಮಾನದಿಂದ ನೋಡಿ ಆರಿಸಿದ ಬೆಟ್ಟ, 1977ರಲ್ಲಿ ಕೊಂಡದ್ದು, ಇವತ್ತಿಗೂ ಕೆಲಸ ಮುಗಿದಿಲ್ಲ. ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಇಡೀ ಬೆಟ್ಟದ ಆಲೋಚನೆಯ ತಿರುಳು ಆ ಕಡಲತೀರದ ಹುಲ್ಲಿನ ಬಟ್ಟಲಲ್ಲೂ ಇದೆ, ಅಲ್ಲಿಗೆ ಯಾರು ಬೇಕಾದರೂ ಹೋಗಿ ಮಲಗಬಹುದು ಎಂಬುದೇ ನನಗೆ ಹೆಚ್ಚು ಇಷ್ಟ.

ಆಕಾಶವನ್ನು ಕೆಳಗೆ ತರುವ ಇನ್ನೊಂದು ಬಗೆ ಕನ್ನಡಿ. ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಅನೀಶ್ ಕಪೂರ್ ಅವರ ಹೆಸರು ನಿಮಗೆ ಗೊತ್ತೇ ಇದೆ. ಷಿಕಾಗೋದಲ್ಲಿರುವ, ದೊಡ್ಡ ಹುರುಳಿಕಾಳಿನ ಆಕಾರದ ಅವರ ಕನ್ನಡಿ ಶಿಲ್ಪ ‘ಕ್ಲೌಡ್ ಗೇಟ್’ನ ಚಿತ್ರ ನೋಡದವರಿಲ್ಲ. 168 ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳನ್ನು ಬೆಸೆದು, ಬೆಸುಗೆಯ ಗೆರೆ ಎಲ್ಲೂ ಕಾಣದಂತೆ ಉಜ್ಜಿ ಉಜ್ಜಿ ಹೊಳಪು ಕೊಟ್ಟದ್ದು. 33 ಅಡಿ ಎತ್ತರ, 66 ಅಡಿ ಉದ್ದ. 2004ರಲ್ಲೇ ಜನರಿಗೆ ತೋರಿಸಿದರೂ ಉಜ್ಜುವ ಕೆಲಸ ಮುಗಿದದ್ದು 2006ರಲ್ಲಿ. ಕುಶಲತೆಗೆ ಎರಡು ಮಾತಿಲ್ಲ. ಆದರೆ ಆಕಾಶದ ದೃಷ್ಟಿಯಿಂದ ನೋಡಿದರೆ ನನಗೆ ಒಂದು ತಕರಾರಿದೆ. ಆಕಾಶ ಮೂಡುವುದು ಅದರ ಬೆನ್ನಿನ ಮೇಲೆ, ಜನ ನಿಲ್ಲುವುದು ಹೊಟ್ಟೆಯ ಹತ್ತಿರ. ಹತ್ತಿರ ಹೋದಷ್ಟೂ ಕಾಣುವುದು ತಮ್ಮದೇ ಮುಖ, ತಮ್ಮ ಗೆಳೆಯರ ಮುಖ. ಎಲ್ಲರೂ ಕೈಯಿಟ್ಟು ಮುಟ್ಟುವುದರಿಂದ ಕೆಳಗಿನ ಆರಡಿ ಭಾಗವನ್ನು ದಿನಾಲೂ ಒರೆಸಬೇಕಾಗುತ್ತದೆ. ಹೆಸರಲ್ಲಿ ಮೋಡವಿದ್ದರೂ ಅದನ್ನು ನೋಡುವವರು ದೂರದಲ್ಲಿ ನಿಂತವರು ಮಾತ್ರ.

ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ಮೊದಲು ಮಾಡಿದ ‘ಸ್ಕೈ ಮಿರರ್’ ಈ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರಂಗಮಂದಿರವೊಂದರ ಮುಂದೆ 2001ರಲ್ಲಿ ನಿಲ್ಲಿಸಿದ್ದು. 6 ಮೀಟರ್ ಅಗಲದ, 10 ಟನ್ ತೂಕದ ನಿಮ್ನ ಕನ್ನಡಿ. ಅದನ್ನು ಮೇಲ್ಮುಖವಾಗಿ ವಾಲಿಸಿದ್ದಾರೆ. ಆ ವಾಲುವ ಕೋನದಲ್ಲೇ ಎಲ್ಲ ಇದೆ. ನಿಂತವನ ಮುಖ ಅದರಲ್ಲಿ ಬರುವುದಿಲ್ಲ. ನೆತ್ತಿಯ ಮೇಲಿನ ಮೋಡ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನೇರ ಮುಂದೆ ನೋಡುತ್ತಿದ್ದೀರಿ, ಕಾಣುತ್ತಿರುವುದು ಮೇಲಿನದು. ಕತ್ತಿನ ತೊಂದರೆಯೂ ಹೋಯಿತು, ದುಂಡನೆಯ ಅಂಚೂ ಸಿಕ್ಕಿತು. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಇದರ 35 ಅಡಿ ವ್ಯಾಸದ ರೂಪವನ್ನು ಕೆಲವು ವಾರ ನಿಲ್ಲಿಸಿದ್ದರು. ಗಗನಚುಂಬಿ ಕಟ್ಟಡಗಳು ಅದರಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದವು. ಹೇಳಲೇಬೇಕಾದ ಮಾತೊಂದಿದೆ. ನಿಮ್ನ ಕನ್ನಡಿ ಬಿಸಿಲನ್ನು ಒಂದೆಡೆ ಕೂಡಿಸುತ್ತದೆ. ವರ್ಷದ ಯಾವ ದಿನ, ಯಾವ ಗಳಿಗೆಯಲ್ಲೂ ಸೂರ್ಯ ನೇರ ಅದರೊಳಗೆ ಇಣುಕದಂತೆ ದಿಕ್ಕು ಲೆಕ್ಕ ಹಾಕದೆ ಅಂಥದ್ದನ್ನು ಬಯಲಲ್ಲಿ ನಿಲ್ಲಿಸಬಾರದು.

ಇಷ್ಟು ಹೊತ್ತು ಆಕಾಶವನ್ನು ಬಣ್ಣವಾಗಿ, ಆಕಾರವಾಗಿ ನೋಡಿದೆವು. ಆದರೆ ಆಕಾಶ ಚಲಿಸುತ್ತದೆ, ಲೆಕ್ಕಬದ್ಧವಾಗಿ ಚಲಿಸುತ್ತದೆ. ನ್ಯಾನ್ಸಿ ಹೋಲ್ಟ್ ಹಿಡಿದದ್ದು ಇದನ್ನು. ಅಮೆರಿಕದ ಯೂಟಾ ರಾಜ್ಯದಲ್ಲಿ, ಜನರು ಬಿಟ್ಟುಹೋದ ಲ್ಯೂಸಿನ್ ಎಂಬ ಊರಿನ ಬಳಿಯ ಮರುಭೂಮಿಯಲ್ಲಿ ಅವರು ಜಾಗ ಕೊಂಡು, 1973ರಿಂದ 1976ರವರೆಗೆ ‘ಸನ್ ಟನೆಲ್ಸ್’ ಕಟ್ಟಿದರು. ನಾಲ್ಕು ಕಾಂಕ್ರೀಟ್ ಕೊಳವೆಗಳು. ಒಂದೊಂದೂ 18 ಅಡಿ ಉದ್ದ, ಒಳಗೆ ಮನುಷ್ಯ ನಿಂತು ಓಡಾಡುವಷ್ಟು ವಿಶಾಲ, ತೂಕ 22 ಟನ್. ಕತ್ತರಿಯಾಕಾರದಲ್ಲಿ ಎದುರುಬದುರು ಮಲಗಿಸಿದ್ದಾರೆ. ವರ್ಷದ ಅತಿ ದೀರ್ಘ ಹಗಲಿನ ದಿನ ಎರಡು ಕೊಳವೆಗಳ ಸಾಲಿನಲ್ಲಿ ಸೂರ್ಯ ಹುಟ್ಟುತ್ತಾನೆ, ಇನ್ನೆರಡರ ಸಾಲಿನಲ್ಲಿ ಮುಳುಗುತ್ತಾನೆ. ಅತಿ ಚಿಕ್ಕ ಹಗಲಿನ ದಿನ ಕೊಳವೆಗಳ ಇನ್ನೊಂದು ತುದಿಯ ಸರದಿ. ಆ ದಿನದ ಹಿಂದೆ ಮುಂದೆ ಕೆಲವು ದಿನವೂ ಕಾಣುತ್ತದೆ. ಯಾಕೆಂದರೆ ಆಗ ಸೂರ್ಯ ಹುಟ್ಟುವ ಜಾಗ ಹೆಚ್ಚುಕಡಿಮೆ ಕದಲುವುದೇ ಇಲ್ಲ.

ಅದಕ್ಕಿಂತಲೂ ನನಗೆ ಹಿಡಿಸಿದ್ದು ಕೊಳವೆಗಳ ನೆತ್ತಿಯ ತೂತುಗಳು. ಒಂದೊಂದು ಕೊಳವೆಗೆ ಒಂದೊಂದು ನಕ್ಷತ್ರಪುಂಜದ ವಿನ್ಯಾಸದಲ್ಲಿ ತೂತು ಕೊರೆಸಿದ್ದಾರೆ: ಡ್ರೇಕೋ, ಪರ್ಸಿಯಸ್, ಕೊಲಂಬಾ, ಮಕರ. ತೂತುಗಳ ಅಗಲ 7 ಅಂಗುಲದಿಂದ 10 ಅಂಗುಲ. ನಕ್ಷತ್ರ ಎಷ್ಟು ಪ್ರಕಾಶವೋ ತೂತು ಅಷ್ಟು ದೊಡ್ಡದು. ಮಟಮಟ ಮಧ್ಯಾಹ್ನ, ಕಣ್ಣು ಬಿಡಲಾಗದ ಬಿಸಿಲಲ್ಲಿ ಒಳಗೆ ಹೊಕ್ಕರೆ ನೆಳಲಿನಲ್ಲಿ ನಿಮ್ಮ ಕಾಲ ಕೆಳಗೆ ನಕ್ಷತ್ರಪುಂಜ ಬಿದ್ದಿರುತ್ತದೆ, ಬಿಸಿಲಿನ ದುಂಡು ಬಿಲ್ಲೆಗಳಾಗಿ. ಸೂರ್ಯ ಸರಿದಂತೆ ಅವು ಒಳಗೋಡೆಯ ಮೇಲೆ ಸರಿಯುತ್ತವೆ, ದುಂಡಗಿದ್ದದ್ದು ಉದ್ದವಾಗುತ್ತದೆ, ಸಂಜೆಗೆ ಗೋಡೆ ಹತ್ತಿ ಅಳಿಸಿಹೋಗುತ್ತವೆ. ಹಗಲಲ್ಲಿ ನಕ್ಷತ್ರ ತೋರಿಸಲು ನಮ್ಮ ಅತಿ ಹತ್ತಿರದ ನಕ್ಷತ್ರವನ್ನೇ ದೀಪವಾಗಿ ಬಳಸಿದ್ದು! ಸುತ್ತ ಮೈಲುಗಟ್ಟಲೆ ಹರಡಿದ ಆ ಬಯಲು ಮತ್ತು ಆಕಾಶವನ್ನು ಮನುಷ್ಯನ ಅಳತೆಗೆ ತರುವುದು ಹೋಲ್ಟ್ ಅವರ ಉದ್ದೇಶವಾಗಿತ್ತು. ಅದು ನೆರವೇರಿದೆ ಎಂದು ನಾನು ನಂಬುತ್ತೇನೆ.

ಶಿಲ್ಪ ಎಂದು ಕಟ್ಟದೆ ಶಿಲ್ಪವಾಗಿ ಉಳಿದದ್ದೂ ಇದೆ. ಜೈಪುರದ ಜಂತರ್ ಮಂತರ್‌ನ ಸಮ್ರಾಟ್ ಯಂತ್ರ. ಸವಾಯಿ ಜಯಸಿಂಹ 18ನೇ ಶತಮಾನದಲ್ಲಿ ಕಟ್ಟಿಸಿದ 27 ಮೀಟರ್ ಎತ್ತರದ ಸೂರ್ಯ ಗಡಿಯಾರ. ಅದರ ಓರೆಗೋಡೆಯ ನೆರಳು ಕಲ್ಲಿನ ಕಮಾನಿನ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಅಂದರೆ ಅಲ್ಲಿ ಬೆರಳಿಟ್ಟು ನಿಂತರೆ ಭೂಮಿ ತಿರುಗುವುದನ್ನು ಬರಿಗಣ್ಣಿನಲ್ಲಿ ನೋಡಬಹುದು. ಜಪಾನೀ ಮೂಲದ ಅಮೆರಿಕನ್ ಶಿಲ್ಪಿ ಇಸಾಮು ನೊಗುಚಿ ಜಯಸಿಂಹನ ಈ ವೇಧಶಾಲೆಗಳಿಗೆ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು.

ಚಾರ್ಲ್ಸ್ ರಾಸ್ ಅವರದು ಇನ್ನೂ ದೊಡ್ಡ ಅಳತೆಯ ಕಾಲ. ನ್ಯೂ ಮೆಕ್ಸಿಕೋದ ಗುಡ್ಡದ ಅಂಚಿನಲ್ಲಿ 1970ರ ದಶಕದಿಂದ ಅವರು ‘ಸ್ಟಾರ್ ಆಕ್ಸಿಸ್’ ಕಟ್ಟಿಸುತ್ತ ಬಂದಿದ್ದಾರೆ. ಹನ್ನೊಂದು ಅಂತಸ್ತಿನಷ್ಟು ಎತ್ತರದ ಆ ರಚನೆಯಲ್ಲಿ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಮೇಲಕ್ಕೆ ಹೋಗುವ ಒಂದು ಮೆಟ್ಟಿಲ ಸುರಂಗವಿದೆ. ಭೂಮಿಯ ಅಕ್ಷ ಬುಗುರಿಯಂತೆ ತೊನೆಯುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ಧ್ರುವ ನಕ್ಷತ್ರ ಸ್ಥಿರವಾಗಿ ಅಲ್ಲೇ ಇರುವುದಿಲ್ಲ. ಈಗ ಅದು ಧ್ರುವಕ್ಕೆ ಬಹಳ ಸಮೀಪ, 2100ರ ಆಸುಪಾಸಿನಲ್ಲಿ ಅತಿ ಸಮೀಪ, ಆಮೇಲೆ ದೂರ ಸರಿಯುತ್ತದೆ. ಸುರಂಗದ ಕೆಳಗಿನ ಮೆಟ್ಟಿಲಲ್ಲಿ ನಿಂತರೆ ಮೇಲಿನ ಬಾಯಿ ಚಾಚಿದ ಕೈಯಲ್ಲಿ ಹಿಡಿದ ಸಣ್ಣ ನಾಣ್ಯದಷ್ಟು ಕಾಣುತ್ತದೆ, ಇದು ಈ ಕಾಲದ ಧ್ರುವ ನಕ್ಷತ್ರ ಸುತ್ತುವ ಪುಟ್ಟ ವೃತ್ತ. ಮೇಲೆ ಹತ್ತಿದಂತೆ ವೃತ್ತ ದೊಡ್ಡದಾಗುತ್ತ, ತುದಿ ಮೆಟ್ಟಿಲಲ್ಲಿ ಕಣ್ತುಂಬ ಆಕಾಶ. ಒಂದೊಂದು ಮೆಟ್ಟಿಲೂ ಬೇರೆ ಬೇರೆ ಕಾಲದ ಆಕಾಶ.

ಗಾಳಿಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಜ್ಯಾನೆಟ್ ಎಖೆಲ್‌ಮನ್ ಬೀದಿಯ ಮೇಲೆ, ಕಟ್ಟಡಗಳ ನಡುವೆ ಕಟ್ಟುವ ಬಣ್ಣದ ಬಲೆಗಳನ್ನು ನೋಡಿರುತ್ತೀರಿ. ಚಿತ್ರಕಲೆಗೆಂದು 1997ರಲ್ಲಿ ಭಾರತಕ್ಕೆ ಬಂದಿದ್ದ ಅವರ ಬಣ್ಣದ ಸಾಮಾನು ಬಂದು ತಲುಪಲಿಲ್ಲ. ಮಹಾಬಲಿಪುರದ ತೀರದಲ್ಲಿ ಬೆಸ್ತರು ಬಲೆ ರಾಶಿ ಹಾಕುವುದನ್ನು ನೋಡಿ ಈ ದಾರಿ ಹಿಡಿದರು. ಹಗ್ಗದ ಆ ಹೆಣಿಗೆ ಕಣ್ಣಿಗೆ ಕಾಣದ ಗಾಳಿಗೆ ಮೈ ಕೊಡುತ್ತದೆ. ಬಹಳ ಚೆಂದ, ನಿಜ. ಆದರೆ ಬಲೆಯ ಬಣ್ಣ ಜೋರಾದಾಗ ಕಣ್ಣು ಬಲೆಯಲ್ಲೇ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ಮಿಂಚಿನ ಹೆಸರು ಹೊತ್ತ ಶಿಲ್ಪವೊಂದಿದೆ, ವಾಲ್ಟರ್ ಡಿ ಮರಿಯಾ ಅವರ ‘ದಿ ಲೈಟ್ನಿಂಗ್ ಫೀಲ್ಡ್’, 1977. ನ್ಯೂ ಮೆಕ್ಸಿಕೋದ ಎತ್ತರದ ಬಯಲಿನಲ್ಲಿ ಒಂದು ಮೈಲಿ ಉದ್ದ, ಒಂದು ಕಿಲೋಮೀಟರ್ ಅಗಲದಲ್ಲಿ 400 ಸ್ಟೇನ್‌ಲೆಸ್ ಸ್ಟೀಲ್ ಕಂಬಗಳು, ಒಂದರಿಂದ ಇನ್ನೊಂದಕ್ಕೆ 220 ಅಡಿ. ನೆಲ ಏರುತಗ್ಗಾಗಿದ್ದರೂ ಕಂಬಗಳ ತುದಿ ಒಂದೇ ಮಟ್ಟ. ಅದಕ್ಕಾಗಿ ಒಂದು ಕಂಬ 15 ಅಡಿಯಿದ್ದರೆ ಇನ್ನೊಂದು 26 ಅಡಿಗೂ ಮಿಕ್ಕಿದೆ. ಮಿಂಚು ಅದಕ್ಕೆ ಹೊಡೆಯುವುದು ಬಹಳ ಅಪರೂಪ. ಒಮ್ಮೆಗೆ ಆರೇ ಜನರಿಗೆ ಅವಕಾಶ, ರಾತ್ರಿ ಅಲ್ಲೇ ಉಳಿಯಬೇಕು. ಯಾಕೆ ಉಳಿಯಬೇಕೆಂದರೆ, ನಡುಮಧ್ಯಾಹ್ನ ಕಂಬಗಳು ಬೆಳಕಲ್ಲಿ ಕರಗಿ ಇಲ್ಲವೇ ಇಲ್ಲ ಎನ್ನುವಂತಾಗುತ್ತವೆ. ಸೂರ್ಯ ಇಳಿದಾಗ ಒಂದೊಂದೇ ಹೊತ್ತಿಕೊಳ್ಳುತ್ತವೆ. ಒಂದು ಗಂಟೆಗೆ ಬಂದು ಫೋಟೋ ತೆಗೆದುಕೊಂಡು ಹೋಗುವವರಿಗೆ ಈ ಶಿಲ್ಪ ಸಿಗುವುದೇ ಇಲ್ಲ.

ಕೊನೆಯ ವಿಷಯ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಕಲ್ಲಿನ ಶಿಲ್ಪಕ್ಕೆ ಕಲ್ಲು ಸಾಮಗ್ರಿ. ಇಂಥ ಶಿಲ್ಪಗಳಿಗೆ ಆಕಾಶವೇ ಸಾಮಗ್ರಿ, ಮತ್ತು ಆ ಸಾಮಗ್ರಿ ಶಿಲ್ಪ ನಿಂತ ಜಾಗದ ಒಡೆಯನ ಕೈಯಲ್ಲಿಲ್ಲ. ಡಲ್ಲಸ್‌ನ ನಾಷರ್ ಶಿಲ್ಪಕಲಾ ಕೇಂದ್ರದಲ್ಲಿ 2003ರಿಂದ ಟರೆಲ್ ಅವರ ಒಂದು ಸ್ಕೈಸ್ಪೇಸ್ ಇತ್ತು. ಪಕ್ಕದಲ್ಲಿ 42 ಅಂತಸ್ತಿನ ವಸತಿ ಗೋಪುರ ಎದ್ದಿತು, ತೂತಿನೊಳಗಿನ ಆಕಾಶದಲ್ಲಿ ಅದರ ತಲೆ ಕಾಣತೊಡಗಿತು. ಶಿಲ್ಪದ ಒಂದು ಇಟ್ಟಿಗೆಯನ್ನೂ ಯಾರೂ ಮುಟ್ಟಲಿಲ್ಲ. ಆದರೂ ಅದು ನಾಶವಾಗಿದೆ ಎಂದು 2012ರಲ್ಲಿ ಕಲಾವಿದರೇ ಹೇಳಿದರು, ಕೋಣೆಯ ಬಾಗಿಲು ಮುಚ್ಚಿತು. ಅವರು ಹೇಳಿದ್ದು ಅಕ್ಷರಶಃ ಸರಿ. ಆಕಾಶ ಹಲಗೆಯಂತೆ ಕೆಳಗಿಳಿಯುವುದು ದೂರದ ಗುರುತು ಒಂದೂ ಇಲ್ಲದಿದ್ದರೆ ಮಾತ್ರ ಎಂದು ಆಗಲೇ ಹೇಳಿದೆನಲ್ಲ. ಗೋಪುರದ ಒಂದು ಮೂಲೆ ಸಾಕು, ಆ ಅನುಭವ ಮುಗಿಯಿತು. ನ್ಯೂಯಾರ್ಕ್‌ನ ಪಿಎಸ್1 ಸಂಗ್ರಹಾಲಯದ ಸ್ಕೈಸ್ಪೇಸ್‌ಗೂ 2019ರಲ್ಲಿ ಇದೇ ಬಂತು, ಹತ್ತಿರದ ಕಟ್ಟಡದ ಕಾಮಗಾರಿಯ ಸಾರುವೆ ಆಕಾಶದೊಳಗೆ ಇಣುಕಿತು. ಅಲ್ಲಿ ಕಟ್ಟಡ ಮುಗಿದ ಮೇಲೆ ಕಾಣುವಂಥದ್ದಲ್ಲ, ತಾತ್ಕಾಲಿಕದ್ದು ಎಂಬುದರಿಂದ ಉಳಿಯಿತು.

ಬೆಳಕಿನಿಂದಲೂ ಹೀಗೇ ಆಗುತ್ತದೆ, ಕೆಲವೊಮ್ಮೆ ಕಲೆಯೇ ಆ ಬೆಳಕು ಚೆಲ್ಲುತ್ತದೆ. ನ್ಯೂಯಾರ್ಕ್‌ನಲ್ಲಿ 2001ರ ದಾಳಿಯಲ್ಲಿ ಸತ್ತವರ ನೆನಪಿಗೆ 88 ದೊಡ್ಡ ದೀಪಗಳಿಂದ ಎರಡು ಬೆಳಕಿನ ಕಂಬಗಳನ್ನು ಆಕಾಶಕ್ಕೆ ಬಿಡುತ್ತಾರೆ. ಅದರ ಹಿಂದಿನ ದುಃಖದ ಬಗ್ಗೆ ನನಗೆ ಪೂರ್ತಿ ಗೌರವವಿದೆ. ಅದು ಬೆಳಗುವ ಸೆಪ್ಟೆಂಬರ್ ರಾತ್ರಿ ವಲಸೆ ಹಕ್ಕಿಗಳು ದಕ್ಷಿಣಕ್ಕೆ ಹಾರುವ ಕಾಲ. ಬೆಳಕಿಗೆ ಸಿಕ್ಕಿ ಅವು ಅಲ್ಲೇ ಸುತ್ತುತ್ತ ದಣಿಯುತ್ತವೆ. ಈಗ ಹಕ್ಕಿ ಎಣಿಸುವವರು ರಾತ್ರಿಯಿಡೀ ಅಲ್ಲಿರುತ್ತಾರೆ, ಬೆಳಕಿನಲ್ಲಿ ಸಾವಿರಕ್ಕೂ ಮಿಕ್ಕಿ ಹಕ್ಕಿ ಕಂಡರೆ 20 ನಿಮಿಷ ದೀಪ ಆರಿಸುತ್ತಾರೆ. ಆರಿಸಿದ ಕೂಡಲೇ ಹಕ್ಕಿಗಳು ದಾರಿ ಹಿಡಿದು ಹೋಗುತ್ತವೆ. ಆಕಾಶ ಖಾಲಿ ಜಾಗವಲ್ಲ, ಅಲ್ಲಿ ಓಡಾಡುವವರಿದ್ದಾರೆ ಎಂದು ಒಪ್ಪಿ ನಡೆದುಕೊಂಡದ್ದಕ್ಕೆ ಆ ಸಂಘಟಕರನ್ನು ನಾನು ಮೆಚ್ಚುತ್ತೇನೆ.

ನಿಮ್ಮಲ್ಲಿ ವಾಸ್ತುಶಿಲ್ಪಿಗಳಿದ್ದೀರಿ, ನಗರ ಯೋಜನೆಯಲ್ಲಿ ಕೆಲಸ ಮಾಡುವವರಿದ್ದೀರಿ, ಉದ್ಯಾನ ಸಮಿತಿಗಳಲ್ಲಿ ಕೂರುವವರಿದ್ದೀರಿ. ಇಂಥದ್ದೊಂದು ಶಿಲ್ಪದ ಪ್ರಸ್ತಾವ ನಿಮ್ಮ ಮುಂದೆ ಬಂದಾಗ ಎತ್ತರ ಎಷ್ಟು, ಲೋಹ ಯಾವುದು, ಖರ್ಚು ಎಷ್ಟು ಎಂದು ಕೇಳಿಯೇ ಕೇಳುತ್ತೀರಿ. ಜತೆಗೆ ಇದನ್ನೂ ಕೇಳಿ: ನೋಡುವವರು ಎಲ್ಲಿ ಕೂರುತ್ತಾರೆ, ತಲೆ ಎಲ್ಲಿಗೆ ಆನಿಸುತ್ತಾರೆ? ಸಂಜೆ ಗೇಟು ಎಷ್ಟು ಗಂಟೆಗೆ ಮುಚ್ಚುತ್ತೀರಿ, ಸೂರ್ಯ ಮುಳುಗುವ ಮೊದಲೋ ಆಮೇಲೋ? ಸುತ್ತಲಿನ ಬೀದಿದೀಪಗಳಿಗೆ ಮುಚ್ಚಳ ಹಾಕಿಸುತ್ತೀರಾ? ಶಿಲ್ಪದೊಳಗಿಂದ ಕಾಣುವ ಆಕಾಶದ ಕೋನ ಎಷ್ಟು ಡಿಗ್ರಿ, ಆ ಕೋನದೊಳಗೆ ಬರುವ ಅಕ್ಕಪಕ್ಕದ ನಿವೇಶನಗಳಲ್ಲಿ ಎಷ್ಟು ಎತ್ತರದವರೆಗೆ ಕಟ್ಟಲು ಅನುಮತಿಯಿದೆ? ಈ ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ತೆಗೆದುಕೊಳ್ಳಬೇಡಿ. ಆ ಕೋನವನ್ನು ನಕ್ಷೆಯ ಮೇಲೆ ಗೆರೆ ಹಾಕಿ ಬರೆಸಿ, ಅಡಿಪಾಯ ತೋಡುವ ಮೊದಲು ಅದಕ್ಕೆ ಸಹಿ ಮಾಡಿಸಿ.